ಉಪ್ಪಿನ ರಾಶಿಯಿಂದ ಯಾರೂ ಎದ್ದು ಬಂದಿಲ್ಲ

"ಒಂದ್ಸಲ ನೋಡೂದ್ರಾಗ ಏನ್ ಹೋಗ್ತದ?" ರಾಯಚೂರು ಸೀಮೆಯಲ್ಲಿ ಹುಳ ಮುಟ್ಟಿದವರ, ಅಂದರೆ ಹಾವು ಕಚ್ಚಿದವರ ಅಂಗಳದಲ್ಲಿ, ಕಾಲುವೆಯಿಂದ ಎತ್ತಿ ತಂದ ಮಗುವಿನ ಸುತ್ತ ಸೇರಿದ ಗುಂಪಿನಲ್ಲಿ ಕೇಳಿಬರುವ ಮಾತು ಇದು. ಮಂತ್ರ ಹಾಕಿಸಿದರೆ ಹೋದ ಜೀವ ತಿರುಗಿ ಬರುತ್ತದೆ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದರೆ ವಿಷ ಇಳಿದು ಸತ್ತವರು ಎದ್ದು ಕೂರುತ್ತಾರೆ, ಉಪ್ಪಿನಲ್ಲಿ ಹೂತಿಟ್ಟರೆ ನೀರಲ್ಲಿ ಮುಳುಗಿ ಸತ್ತವರು ಉಸಿರಾಡುತ್ತಾರೆ ಎಂಬ ನಂಬಿಕೆಗಳಿಗೆ ಈ ಮಾತೇ ಊರುಗೋಲು. ಓದಿದವರಲ್ಲಿ ಹೆಚ್ಚಿನವರು ಇದನ್ನು ನಂಬುವುದಿಲ್ಲ. ಆದರೆ ಎದುರು ನಿಂತು ಬೇಡ ಎನ್ನುವುದೂ ಇಲ್ಲ. "ದುಃಖದಾಗ ಇದ್ದೋರಿಗೆ ಏನ್ ಹೇಳೂದು, ಅವರ ಸಮಾಧಾನ ಅವರಿಗೆ" ಎಂದು ಪಕ್ಕಕ್ಕೆ ಸರಿಯುತ್ತಾರೆ. ಸರಿದು ನಿಂತದ್ದನ್ನೇ ದೊಡ್ಡ ಮನಸ್ಸು ಎಂದುಕೊಳ್ಳುತ್ತಾರೆ.

ನನ್ನ ಜಗಳ ಇವರ ಜೊತೆಗೇ ಮೊದಲು. ಏನು ಹೋಗುತ್ತದೆ ಎಂದು ಕೇಳುತ್ತೀರಲ್ಲ, ಜೀವ ಹೋಗುತ್ತದೆ. ಸತ್ತವರನ್ನು ಎಬ್ಬಿಸಬಹುದೆಂಬ ನಂಬಿಕೆ ಇವತ್ತಿನವರೆಗೆ ಸತ್ತ ಒಬ್ಬರನ್ನೂ ಎಬ್ಬಿಸಿಲ್ಲ. ಇನ್ನೂ ಸಾಯದೆ ಇದ್ದವರನ್ನು ಮಾತ್ರ ಕೊಂದಿದೆ. ಇದು ನಿರುಪದ್ರವಿ ನಂಬಿಕೆಯಲ್ಲ, ಸಮಾಧಾನವೂ ಅಲ್ಲ.

ಅಂಗಳದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಹತ್ತಿ ಬಿಡಿಸುವಾಗಲೋ ಗದ್ದೆಗೆ ನೀರು ಕಟ್ಟುವಾಗಲೋ ಕಾಲಿಗೆ ಹಾವು ಕಚ್ಚಿರುತ್ತದೆ. ಕಚ್ಚಿದ ಜಾಗದ ಮೇಲೆ ಸೀರೆಯ ಅಂಚು ಹರಿದು ಬಿಗಿದು ಕಟ್ಟುತ್ತಾರೆ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಮಂತ್ರ ಹಾಕುವವರ ಮನೆಗೆ ಒಯ್ಯುತ್ತಾರೆ. ಬಾಯಿಗೆ ಬೇವಿನ ಎಲೆ ಇಟ್ಟು "ಕಹಿ ಹತ್ತತೇನು?" ಎಂದು ಕೇಳುತ್ತಾರೆ. ಹಸಿಮೆಣಸಿನಕಾಯಿ ಅಗಿಸಿ "ಖಾರ ಹತ್ತತೇನು?" ಎಂದು ಕೇಳುತ್ತಾರೆ. ಕಹಿ ಹತ್ತಿದರೆ ವಿಷವಿಲ್ಲ, ಹತ್ತದಿದ್ದರೆ ಏರಿದೆ ಎಂಬುದು ಅಲ್ಲಿಯ ಪರೀಕ್ಷೆ. ಸೊಪ್ಪಿನ ಕಟ್ಟಿನಿಂದ ತಲೆಯಿಂದ ಕಾಲಿನವರೆಗೆ ನಿವಾಳಿಸುತ್ತಾರೆ. "ನಿದ್ದಿ ಮಾಡಸಬ್ಯಾಡ್ರಿ" ಎಂದು ಕೆನ್ನೆ ತಟ್ಟುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋತುಬೀಳುತ್ತದೆ, ನಾಲಿಗೆ ತೊದಲುತ್ತದೆ, ಬಾಯಿಯ ಅಂಚಿನಿಂದ ಜೊಲ್ಲು ಸುರಿಯುತ್ತದೆ. ಆಗ ಗಾಡಿ ಹುಡುಕಾಟ. ದೇವದುರ್ಗದಿಂದಲೂ ಮಾನ್ವಿಯಿಂದಲೂ ರಾಯಚೂರಿನ ದೊಡ್ಡ ದವಾಖಾನೆಗೆ ಹತ್ತಿರಹತ್ತಿರ 50 ಕಿಲೋಮೀಟರ್. ಅಲ್ಲಿ ಡಾಕ್ಟರು ತೀರಿಕೊಂಡಿದ್ದಾರೆ ಎಂದರೆ ಹೆಣ ತಿರುಗಿ ಊರಿಗೆ ಬರುತ್ತದೆ, ಇನ್ನೊಬ್ಬ ಮಂತ್ರದವನ ಬಳಿಗೆ. "ಹುಳ ಮುಟ್ಟಿದೋರ ಜೀವ ಲಗೂ ಹೋಗಂಗಿಲ್ಲ" ಎಂಬ ಮಾತು ಜೊತೆಗೆ ಬರುತ್ತದೆ.

ಈ ಮಾತಿನ ಹಿಂದೆ ಒಂದು ನಿಜ ಅಡಗಿದೆ. ಆ ನಿಜವನ್ನು ತಿರುಚಿದ್ದೇ ಈ ನಂಬಿಕೆಯ ಮೊದಲ ಅಪರಾಧ. ನಾಗರಹಾವು ಮತ್ತು ಕಡಂಬಳ ಎಂದೂ ಕರೆಯುವ ಕಟ್ಟುಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಮೊದಲು ರೆಪ್ಪೆ, ಆಮೇಲೆ ನಾಲಿಗೆ, ಗಂಟಲು, ಕುತ್ತಿಗೆ, ಕೊನೆಗೆ ಎದೆಯ ಸ್ನಾಯು ಸೋಲುತ್ತದೆ. ಉಸಿರು ನಿಲ್ಲುವ ಹೊತ್ತಿಗೂ ಹೃದಯ ಬಡಿಯುತ್ತಿರುತ್ತದೆ. ಕೈ ಎತ್ತಲಾಗದೆ, ಕಣ್ಣು ತೆರೆಯಲಾಗದೆ ಬಿದ್ದ ಮನುಷ್ಯನಿಗೆ ಸುತ್ತಲಿನವರ ಅಳು ಕೇಳಿಸುತ್ತಿರಲೂಬಹುದು. ಕಟ್ಟುಹಾವು ಕಚ್ಚಿದವರಲ್ಲಿ ಕಣ್ಣಿನ ಪಾಪೆ ಅಗಲವಾಗಿ, ಬೆಳಕಿಗೂ ಅಲುಗದೆ ನಿಂತು, ಮಿದುಳು ಸತ್ತಿದೆಯೆಂದು ಡಾಕ್ಟರೇ ತಪ್ಪು ತಿಳಿಯುವಂಥ ಸ್ಥಿತಿ ಬರುತ್ತದೆ. ಅಂಥವರು ದಿನಗಟ್ಟಲೆ ವೆಂಟಿಲೇಟರಿನ ಮೇಲಿದ್ದು ಎದ್ದು ಮನೆಗೆ ನಡೆದು ಹೋದದ್ದನ್ನು ವೈದ್ಯಶಾಸ್ತ್ರ ದಾಖಲಿಸಿದೆ.

ಹಾಗಾದರೆ ಹುಳ ಮುಟ್ಟಿದವರು ಸತ್ತಂತೆ ಕಂಡರೂ ಸತ್ತಿರದೆ ಇರಬಹುದು ಎಂಬುದು ಸರಿ. ಅವರನ್ನು ಮರಳಿ ತರಬಹುದು ಎಂಬುದೂ ಸರಿ. ಆದರೆ ಯಾವುದರಿಂದ? ನಿಂತ ಉಸಿರನ್ನು ಮುಂದುವರಿಸುವ ಗಾಳಿಚೀಲದಿಂದ, ವಿಷವನ್ನು ಹಿಡಿದುಹಾಕುವ ಇಂಜೆಕ್ಷನ್ನಿನಿಂದ, ನಾಗರಹಾವಿನ ವಿಷಕ್ಕೆ ಕೊಡುವ ನಿಯೋಸ್ಟಿಗ್ಮಿನ್ ಮತ್ತು ಅಟ್ರೋಪಿನ್ನಿನಿಂದ, ಎದೆಗೆ ತ್ರಾಣ ಬರುವವರೆಗೆ ದುಡಿಯುವ ವೆಂಟಿಲೇಟರಿನಿಂದ. ಉಸಿರು ನಿಂತವನ ಮಿದುಳು ಕೆಲವೇ ನಿಮಿಷ ತಾಳುತ್ತದೆ. ಆ ನಿಮಿಷಗಳನ್ನು ಸೊಪ್ಪಿನಿಂದ ನಿವಾಳಿಸುತ್ತ ಕಳೆಯುವವರು ಯಾರನ್ನು ಎಬ್ಬಿಸುತ್ತಿದ್ದಾರೆ? ಎದ್ದು ಬರಬಹುದಾಗಿದ್ದ ಒಬ್ಬ ಮನುಷ್ಯನನ್ನು ಅವರು ಕೈಯಾರೆ ಮಲಗಿಸುತ್ತಿದ್ದಾರೆ.

"ಮತ್ತೆ ಅವರ ಕೈಯಾಗ ಎಷ್ಟು ಮಂದಿ ಉಳದಾರ!" ಎಂದು ಕೇಳುವವರಿದ್ದಾರೆ. ಉಳಿದಿದ್ದಾರೆ, ಯಾಕೆಂದರೆ ನಮ್ಮ ಹೊಲಗಳಲ್ಲಿ ಓಡಾಡುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಒಳಗೆ ಇಳಿದಿರುವುದಿಲ್ಲ. ಅವರು ಮಂತ್ರವಿಲ್ಲದೆಯೂ ಬದುಕುವವರೇ. ಆ ಬದುಕಿನ ಕೀರ್ತಿ ಮಂತ್ರದವನ ಹೆಸರಿಗೆ ಜಮೆಯಾಗುತ್ತದೆ. ಸತ್ತವರ ಲೆಕ್ಕ ಮಾತ್ರ "ಆಯುಷ್ಯ ಮುಗದಿತ್ತು" ಎಂದು ದೇವರ ಹೆಸರಿಗೆ ಹೋಗುತ್ತದೆ. ಗೆದ್ದದ್ದೆಲ್ಲ ತನ್ನದು, ಸೋತದ್ದೆಲ್ಲ ವಿಧಿಯದು ಎನ್ನುವವನನ್ನು ಯಾವ ವ್ಯವಹಾರದಲ್ಲಿ ನಂಬುತ್ತೀರಿ? ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು ಹೆತ್ತ ಮಗನ ಜೀವವನ್ನು ಲೆಕ್ಕ ಕೇಳದೆ ಒಪ್ಪಿಸುವುದು ಹೇಗೆ?

ದವಾಖಾನೆಯಲ್ಲಿಯೂ ಒಂದು ಸರಳ ಪರೀಕ್ಷೆ ಇದೆ. ಒಣಗಿದ, ಶುದ್ಧವಾದ ಗಾಜಿನ ನಳಿಕೆಯಲ್ಲಿ ಒಂದಿಷ್ಟು ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ಕೊಳಕುಮಂಡಲ, ಗರಗಸಮಂಡಲಗಳ ವಿಷ ರಕ್ತವನ್ನೇ ಕೆಡಿಸುತ್ತದೆ. ಕೊಳಕುಮಂಡಲದ್ದು ಮೂತ್ರಪಿಂಡವನ್ನೂ ಕೆಡಿಸುತ್ತದೆ. ಅಂಥವರ ಗಾಯವನ್ನು ಬ್ಲೇಡಿನಿಂದ ಕೊಯ್ದು "ವಿಷ ತೆಗೆದರೆ" ರಕ್ತ ನಿಲ್ಲುವುದಿಲ್ಲ. ಬಿಗಿದು ಕಟ್ಟಿದ ಕಾಲು ಕೊಳೆಯುತ್ತದೆ. ಈ ನಳಿಕೆಯ ಪರೀಕ್ಷೆಗೆ ಬೇಕಾಗುವುದು 20 ನಿಮಿಷ ಮಾತ್ರ. ನಮ್ಮವರು ಬೇವಿನ ಕಹಿ ಕೇಳುತ್ತ ತಾಸುಗಟ್ಟಲೆ ಕೂರುತ್ತಾರೆ.

ಇದು ಅಲ್ಲೊಂದು ಇಲ್ಲೊಂದು ಸಾವಿನ ಮಾತಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು, ನೆಲದ ಮೇಲೆ ಮಲಗುವವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆದರೆ ಮಂತ್ರದವನ ಅಂಗಳದಲ್ಲಿ ಸತ್ತು ಹೊಲದ ಬದುವಿನಲ್ಲಿ ಮಣ್ಣಾದವರು ಯಾವ ವರದಿಗೆ ಸೇರುತ್ತಾರೆ? ಅವರು ಲೆಕ್ಕದಲ್ಲೂ ಇಲ್ಲ.

ಎರಡನೆಯ ಅಪರಾಧ ಉಪ್ಪಿನದು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ ನೀರಲ್ಲಿ ಮುಳುಗಿ ಸತ್ತ ಬಾಲಕನನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟರು. ಮೊಬೈಲಿನಲ್ಲಿ ಬಂದ ಸಂದೇಶ ನಂಬಿ ಹಾಗೆ ಮಾಡಿದರು. 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಕೆರೆಯಲ್ಲಿ ಮುಳುಗಿದ ಇಬ್ಬರು ಬಾಲಕರಿಗೂ ಅದೇ ಆಯಿತು. ಎರಡೂ ಕಡೆ ಯಾರೂ ಎದ್ದು ಬರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಮಾನ್ವಿಯಲ್ಲಿ, ನಾರಾಯಣಪುರ ಬಲದಂಡೆ ಕಾಲುವೆ ಹರಿಯುವ ದೇವದುರ್ಗದಲ್ಲಿ, ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ, ಅದೇ ಸಂದೇಶ ನಮ್ಮ ಜನರ ಕೈಯ ಮೊಬೈಲಿಗೂ ಬರುತ್ತದೆ. ಬಳ್ಳಾರಿ ನಮಗೆಷ್ಟು ದೂರ?

ಈ ಸುಳ್ಳಿನ ಬೇರು ಒಂದು ನೊಣದಲ್ಲಿದೆ. ನೀರಿಗೆ ಬಿದ್ದು ಅಲುಗದ ನೊಣದ ಮೇಲೆ ಉಪ್ಪು ಸುರಿದರೆ ಸ್ವಲ್ಪ ಹೊತ್ತಿಗೆ ಅದು ಕಾಲು ಆಡಿಸಿ ಹಾರಿಹೋಗುತ್ತದೆ. ಮಕ್ಕಳು ಆಡುವ ಆಟ ಇದು. ನೊಣ ಸತ್ತಿರುವುದೇ ಇಲ್ಲ. ಅದು ಉಸಿರಾಡುವುದು ಮೈಮೇಲಿನ ಸಣ್ಣ ರಂಧ್ರಗಳಿಂದ. ಅಲ್ಲಿ ನಿಂತ ನೀರನ್ನು ಉಪ್ಪು ಹೀರಿದರೆ ಅದಕ್ಕೆ ಗಾಳಿ ಸಿಗುತ್ತದೆ. ಮನುಷ್ಯ ಉಸಿರಾಡುವುದು ಎದೆಯೊಳಗಿನ ಶ್ವಾಸಕೋಶದಿಂದ. ಚರ್ಮ, ಮಾಂಸ, ಪಕ್ಕೆಲುಬು ದಾಟಿ ಒಳಗಿನ ನೀರನ್ನು ಹೊರಗಿನ ಉಪ್ಪು ಎಳೆಯುವುದಿಲ್ಲ. ಎಳೆದರೂ ನಿಂತ ಹೃದಯ ಅದರಿಂದ ಬಡಿಯುವುದಿಲ್ಲ. ಆಮ್ಲಜನಕ ಸಿಗದ ಮಿದುಳು ನಾಲ್ಕಾರು ನಿಮಿಷದಲ್ಲಿ ಕೆಡತೊಡಗುತ್ತದೆ. ಉಪ್ಪಿನ ಚೀಲ ಹುಡುಕಿ ತರಲು ಹಿಡಿಯುವ ಹೊತ್ತೇ ಅದಕ್ಕಿಂತ ಹೆಚ್ಚು.

ಆ ನಿಮಿಷಗಳಲ್ಲಿ ಮಾಡಬೇಕಾದ್ದು ಬೇರೆಯೇ ಇದೆ. ನೀರಿನಿಂದ ತೆಗೆದ ಮಗು ಉಸಿರಾಡದಿದ್ದರೆ ಅಲ್ಲೇ ದಂಡೆಯ ಮೇಲೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಐದು ಸಲ ಉಸಿರು ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ ಎರಡು ಉಸಿರು, ಮತ್ತೆ 30, ಮತ್ತೆ ಎರಡು. 108 ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ತಲೆಯ ಮೇಲೆ ಹೊತ್ತು ಗರಗರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಎರಡೂ ಹೊತ್ತು ಕಳೆಯುವ ಕೆಲಸ. ಒಂದು ಮಧ್ಯಾಹ್ನದಲ್ಲಿ ಹೈಸ್ಕೂಲು ಹುಡುಗರಿಗೆ ಕಲಿಸಬಹುದಾದ ವಿದ್ಯೆ ಇದು. ನಮ್ಮ ಎಷ್ಟು ಶಾಲೆಗಳಲ್ಲಿ ಕಲಿಸಿದ್ದೇವೆ? ಉಪ್ಪಿನ ಸಂದೇಶ ಮನೆಮನೆ ಮುಟ್ಟಿತು, ಈ ವಿದ್ಯೆ ಯಾಕೆ ಮುಟ್ಟಲಿಲ್ಲ?

ಮೂರನೆಯ ಅಪರಾಧ ನಮ್ಮ ಸಂತರ ಹೆಸರಿನಲ್ಲಿ ನಡೆಯುತ್ತದೆ. ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯದ ರಾಯರು ಮಾವಿನ ಸೀಕರಣೆಯ ಪಾತ್ರೆಗೆ ಬಿದ್ದು ಸತ್ತ ದೇಸಾಯರ ಮಗುವನ್ನು ಬದುಕಿಸಿದ ಕಥೆ ನಮ್ಮ ಮನೆಮನೆಗಳಲ್ಲಿದೆ. ಏಕಾಂತದ ರಾಮಯ್ಯ ತಲೆ ಕತ್ತರಿಸಿಕೊಂಡು ಮರಳಿ ಪಡೆದ ಕಥೆಯನ್ನು ಅಬ್ಬಲೂರಿನ ಶಾಸನವೇ ಹೇಳುತ್ತದೆ. "ಅವರು ಎಬ್ಬಿಸಿಲ್ಲೇನು? ಹಂಗಾರ ಅದು ಸುಳ್ಳೇನು?" ಎಂಬ ಪ್ರಶ್ನೆ ಎತ್ತಿದ ಕೂಡಲೇ ಎದುರಿನವರ ಬಾಯಿ ಕಟ್ಟುತ್ತದೆ. ಇದಕ್ಕೆ ಉತ್ತರ ಕೊಡಲೇಬೇಕು.

ನಮ್ಮದೇ ನೆಲದ ಕಥೆಯೊಂದನ್ನು ತೆಗೆದುಕೊಳ್ಳೋಣ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಚೀಕಲಪರ್ವಿಯ ವಿಜಯದಾಸರನ್ನು ಅನಾದರ ಮಾಡಿ ಹೊಟ್ಟೆಬೇನೆಗೆ ಬಿದ್ದು ಸಾವಿನ ಹತ್ತಿರ ಹೋದಾಗ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಅವರಿಗೆ ಧಾರೆಯೆರೆದರು ಎಂದು ದಾಸ ಪರಂಪರೆ ಹೇಳುತ್ತದೆ. ಹಾಗೆ ಉಳಿದವರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು. ಈ ಕಥೆ ಕೇಳಿ ಬೆಳೆದವರು ಒಂದು ಮಾತು ಗಮನಿಸಲಿ. ಕೊಟ್ಟವರು ಕೊಟ್ಟದ್ದು ತಮ್ಮ ಆಯುಷ್ಯವನ್ನು. ದಕ್ಷಿಣೆ ಕೇಳಲಿಲ್ಲ, ಕೋಳಿ ಕೇಳಲಿಲ್ಲ. ಕಥೆ ಹೇಳುವುದು ಗರ್ವ ಕರಗುವುದನ್ನು, ಇನ್ನೊಬ್ಬರಿಗಾಗಿ ತನ್ನನ್ನು ಕೊಟ್ಟುಕೊಳ್ಳುವ ಕರುಣೆಯನ್ನು. ತನ್ನದೊಂದು ದಿನವನ್ನೂ ಕೊಡದೆ ಎದುರಿಗೆ ಬಿದ್ದವನ ಉಳಿದ ಆಯುಷ್ಯವನ್ನೇ ಕಳೆಯುವ ಮಂತ್ರದವನಿಗೂ ಗೋಪಾಲದಾಸರಿಗೂ ಏನು ಸಂಬಂಧ? ಸಂತರ ಕಥೆಯನ್ನು ಚಿಕಿತ್ಸೆಯ ಕ್ರಮವೆಂದು ಓದುವವರು ಆ ಸಂತರನ್ನೇ ಅವಮಾನಿಸುತ್ತಾರೆ.

ಕ್ರೈಸ್ತರು ಸತ್ತವರ ಪುನರುತ್ಥಾನವನ್ನು ನಂಬುತ್ತಾರೆ. ಮುಸ್ಲಿಮರು ಕಿಯಾಮತ್ತಿನ ದಿನ ಎಲ್ಲರೂ ಏಳುತ್ತಾರೆಂದು ನಂಬುತ್ತಾರೆ. ಆ ನಂಬಿಕೆಗಳೊಂದಿಗೆ ನನ್ನ ತಕರಾರಿಲ್ಲ. ಅವು ದೇವರ ದಿನಕ್ಕೆ ಬಿಟ್ಟ ಮಾತು. ಉಸಿರು ಸಿಕ್ಕಿಕೊಂಡ ಮಗುವನ್ನು ದವಾಖಾನೆಗೆ ಒಯ್ಯಬೇಡಿ ಎಂದು ಅವು ಹೇಳುವುದಿಲ್ಲ. ಆದರೆ ಇವತ್ತು, ಈ ಅಂಗಳದಲ್ಲಿ, ನನ್ನ ಕೈಯಿಂದ ಸತ್ತವರು ಏಳುತ್ತಾರೆ ಎನ್ನುವವನು ಮಂತ್ರ ಹೇಳಲಿ, ತಾಯಿತ ಕಟ್ಟಲಿ, ಪ್ರಾರ್ಥನೆಯ ಎಣ್ಣೆ ಹಚ್ಚಲಿ, ಅವನು ಯಾವ ಧರ್ಮದವನೂ ಅಲ್ಲ. ಅವನು ಸಾವಿನ ವ್ಯಾಪಾರಿ.

ನಾಲ್ಕನೆಯ ಅಪರಾಧ ಸುದ್ದಿಯದು. "ಸ್ಮಶಾನಕ್ಕೆ ಒಯ್ಯುವಾಗ ಎದ್ದು ಕುಳಿತ", "ಸತ್ತವ ಬದುಕಿ ಬಂದ" ಎಂದು ಟಿವಿಗಳು ಇಡೀ ದಿನ ಕೂಗುತ್ತವೆ. 2017ರಲ್ಲಿ ಧಾರವಾಡದ ಹತ್ತಿರದ ಮನಗುಂಡಿಯಲ್ಲಿ, 2021ರಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಇಂಥವು ವರದಿಯಾದವು. ಇಂಥ ಕಡೆ ಸತ್ತು ಎದ್ದವರು ಯಾರೂ ಇಲ್ಲ. ಸಾಯದವರನ್ನು ಸತ್ತವರೆಂದು ತಿಳಿದದ್ದು ಮಾತ್ರ ಇದೆ. ಹಣ ಮುಗಿದ ಕುಟುಂಬಕ್ಕೆ "ಇನ್ನು ಆಸೆ ಇಲ್ಲ, ಮನೆಗೆ ಒಯ್ಯಿರಿ" ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಉಸಿರು ಇನ್ನೂ ಇರುವ ರೋಗಿಯನ್ನು ವೆಂಟಿಲೇಟರ್ ಬಿಡಿಸಿ ಕಳಿಸುತ್ತಾರೆ. ಊರಲ್ಲಿ ಆಗಲೇ ಶಾಮಿಯಾನ ಹಾಕಿರುತ್ತಾರೆ, ನೆಂಟರಿಗೆ ಫೋನು ಹೋಗಿರುತ್ತದೆ. ದಾರಿಯಲ್ಲಿ ಆತ ಕೈ ಆಡಿಸಿದರೆ ಅದು ಪವಾಡ. ಕೇಳಬೇಕಾದ ಪ್ರಶ್ನೆ, ಬದುಕಿದ್ದವನನ್ನು ಮನೆಗೆ ಕಳಿಸಿದವರು ಯಾರು ಎಂಬುದು. ಇಸಿಜಿಯ ಗೆರೆ ನೋಡದೆ ಸಾವನ್ನು ಘೋಷಿಸಿದವರು ಯಾರು ಎಂಬುದು. ಟಿವಿಗಳು ಅದನ್ನು ಕೇಳುವುದಿಲ್ಲ. ಆ ಸುದ್ದಿ ನೋಡಿದ ತಾಯಿ ಮುಂದೆ ಡಾಕ್ಟರು ಹೇಳಿದ ನಿಜವಾದ ಸಾವನ್ನೂ ನಂಬುವುದಿಲ್ಲ. ನಮ್ಮ ಸಿನಿಮಾಗಳು ಕಚ್ಚಿದ ಹಾವನ್ನೇ ಕರೆಸಿ ವಿಷ ಹೀರಿಸಿ ಅವಳ ಆಸೆಗೆ ಇನ್ನಷ್ಟು ಎಣ್ಣೆ ಹೊಯ್ಯುತ್ತವೆ.

ಐದನೆಯದು, ಇದರ ಬೆಲೆ ತೆರುವವರು ಯಾರು ಎಂಬುದು. ಊರ ಗೌಡರ ಮಗನಿಗೆ ಹಾವು ಕಚ್ಚಿದರೆ ಕಾರು ನೇರ ರಾಯಚೂರಿಗೆ, ಅಲ್ಲಿಂದ ಹೈದರಾಬಾದಿಗೆ ಓಡುತ್ತದೆ. ಕೂಲಿಯವಳ ಮಗನಿಗೆ ಕಚ್ಚಿದಾಗ ಅದೇ ಗೌಡರು "ಮಂತ್ರ ಹಾಕಸ್ರಿ, ಛಲೋ ಆಗ್ತದ" ಎನ್ನುತ್ತಾರೆ. ಸತ್ತ ಮೇಲೆ ಹೆಣ "ಕೊಯ್ಯಸಬ್ಯಾಡ್ರಿ, ಜೀವ ಬಂದೀತು" ಎಂದು ಮರಣೋತ್ತರ ಪರೀಕ್ಷೆ ತಪ್ಪಿಸುತ್ತಾರೆ. ಹಾವು ಕಚ್ಚಿ ಸತ್ತ ರೈತನ ಕುಟುಂಬಕ್ಕೆ ಸರ್ಕಾರ ಕೊಡುವ 2 ಲಕ್ಷ ರೂಪಾಯಿ ಪರಿಹಾರಕ್ಕೆ ಆ ವರದಿಯೇ ಬೇಕು. ಮಗ ಹೋದ, ಮಂತ್ರಕ್ಕೆ ಸಾಲ ಮಾಡಿದ್ದು ಹೋಯಿತು, ಬರಬೇಕಾದ ಪರಿಹಾರವೂ ಹೋಯಿತು. ಕೊನೆಗೆ ಆ ತಾಯಿಗೆ "ನೀ ಪೂರ್ತಿ ನಂಬಲಿಲ್ಲ, ಅದಕ್ಕ ಏಳಲಿಲ್ಲ" ಎಂಬ ಮಾತು ಉಳಿಯುತ್ತದೆ. ಇದೇ ಏನು ನೀವು ಹೇಳುವ ಸಮಾಧಾನ? ಅಳಬೇಕಾದ ಹೊತ್ತಲ್ಲಿ ಅಳಲೂ ಬಿಡದೆ, ದಿನವಿಡೀ ಹೆಣದ ಮುಂದೆ ಆಸೆ ಹೊತ್ತು ಕೂರಿಸಿ, ಸಂಜೆಗೆ ಎರಡನೆಯ ಸಲ ಮಗನನ್ನು ಕಿತ್ತುಕೊಳ್ಳುವುದು ಸಮಾಧಾನವೇ?

ಕೊನೆಯ ಆರೋಪ ಸರ್ಕಾರದ ಮೇಲೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ, ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರ ಮಾಡುವುದನ್ನು ಸ್ಪಷ್ಟವಾಗಿ ಅಪರಾಧವೆಂದು ಹೇಳುತ್ತದೆ. ಒಂದರಿಂದ ಏಳು ವರ್ಷದವರೆಗೆ ಜೈಲು ಇದೆ. ಹೀಗೆಂದು ನಮ್ಮ ಹಳ್ಳಿಯ ಎಷ್ಟು ಪಂಚಾಯಿತಿ ಗೋಡೆಗಳ ಮೇಲೆ ಬರೆದಿದೆ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಈ ಭಾಗಕ್ಕೆಂದೇ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು. ಆದರೂ ರಾತ್ರಿ ಹತ್ತಕ್ಕೆ ಹಾವು ಕಚ್ಚಿದವನಿಗೆ ಹತ್ತಿರದ ಆರೋಗ್ಯ ಕೇಂದ್ರದ ಬಾಗಿಲು ತೆರೆದಿರುತ್ತದೆ ಎಂಬ ಭರವಸೆ ಇಲ್ಲ. ಮಂತ್ರದವನ ಬಾಗಿಲು ಯಾವಾಗಲೂ ತೆರೆದಿರುತ್ತದೆ. "ಜನ ಮೂಢರು, ಏನ್ ಮಾಡೂದು" ಎನ್ನುವ ಅಧಿಕಾರಿಗೆ ಈ ನಂಬಿಕೆ ಬಹಳ ಅನುಕೂಲ. ಅದು ಇರುವವರೆಗೆ ಅವರು ತಮ್ಮ ಮುಚ್ಚಿದ ಬಾಗಿಲಿಗೆ ಉತ್ತರ ಹೇಳಬೇಕಾಗಿಲ್ಲ.

ಇಷ್ಟು ಸಾಕು. ಇನ್ನು ಸರಿದು ನಿಲ್ಲುವುದು ಬೇಡ. ದೇವದುರ್ಗ, ಮಾನ್ವಿಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಗಲು ರಾತ್ರಿ ಹಾವಿನ ವಿಷಕ್ಕೆ ಇಂಜೆಕ್ಷನ್, ಗಾಳಿಚೀಲ, ಅದನ್ನು ಬಳಸಲು ಕಲಿತ ನರ್ಸ್ ಇರಲೇಬೇಕು. ಇಲ್ಲದಿದ್ದರೆ ಹೆಸರು ಹಿಡಿದು ಕೇಳಿ. ಎಂಟನೇ ತರಗತಿಯಿಂದ ಪ್ರತಿ ಮಗುವಿಗೂ ಎದೆ ಒತ್ತಿ ಉಸಿರು ಊದುವುದನ್ನು ಕಲಿಸಿ. ಮಠದ ಸ್ವಾಮಿಗಳೇ, ಮಸೀದಿಯ ಮೌಲ್ವಿಗಳೇ, ಚರ್ಚಿನ ಪಾದ್ರಿಗಳೇ, "ಹುಳ ಮುಟ್ಟಿದರೆ ಮೊದಲು ದವಾಖಾನಿ" ಎಂದು ನಿಮ್ಮ ಬಾಯಿಂದಲೇ ಹೇಳಿ. ನೀವು ಹೇಳಿದರೆ ಜನ ಕೇಳುತ್ತಾರೆ, ಇಷ್ಟು ದಿನ ಹೇಳದೆ ಇದ್ದದ್ದರ ಹೊಣೆಯೂ ನಿಮ್ಮದೇ. ಮಂತ್ರ ಹಾಕುವವರನ್ನು ಊರವರೇ ಕೂರಿಸಿ ಹೇಳಿ: ಬಂದವರನ್ನು ಕೂಡಲೇ ಗಾಡಿ ಹತ್ತಿಸಬೇಕು, ತಡೆದು ಕೂರಿಸಿದರೆ ಠಾಣೆಗೆ ದೂರು ಹೋಗುತ್ತದೆ. ಪೊಲೀಸರು ಆ ದೂರನ್ನು ಬರೆದುಕೊಳ್ಳಬೇಕು. ಉಪ್ಪಿನ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಅಳಿಸಿ ಸುಮ್ಮನಾಗಬೇಡಿ. ಕಳಿಸಿದವರಿಗೆ ಫೋನು ಮಾಡಿ ಇದು ಸುಳ್ಳು ಎಂದು ಹೇಳಿ.

ಇನ್ನು ಮುಂದೆ ಅಂಗಳದಲ್ಲಿ ಯಾರಾದರೂ ಏನ್ ಹೋಗ್ತದ ಎಂದು ಕೇಳಿದರೆ ನೀವು ತಲೆ ತಗ್ಗಿಸಬೇಡಿ. ಜೀವ ಹೋಗ್ತದ ಎಂದು ಗಟ್ಟಿಯಾಗಿ ಹೇಳಿ, ಗಾಡಿ ಚಾಲೂ ಮಾಡಿ. ಸತ್ತವರನ್ನು ಎಬ್ಬಿಸುವ ಶಕ್ತಿ ನಮ್ಮ ಯಾರ ಕೈಯಲ್ಲೂ ಇಲ್ಲ. ಬದುಕಬಹುದಾದವರನ್ನು ಬದುಕಿಸುವ ಶಕ್ತಿ ನಮ್ಮೆಲ್ಲರ ಕೈಯಲ್ಲಿದೆ, ಅದನ್ನು ಬಳಸದೆ ಇರುವ ಹಕ್ಕು ಯಾರಿಗೂ ಇಲ್ಲ.